ಸಂಬಳದ ಖಾತೆಗೆ ದಾರಿ ಮಾಡಿಕೊಡಬೇಡ

ತಮ್ಮಾ, ನೀನು ದುಬೈಯ ರಾಸ್ ಅಲ್ ಖೋರ್‌ಗೆ ಬಂದು ಕೆಲಸಕ್ಕೆ ಸೇರಿದ್ದು ಕೇಳಿ ಸಂತೋಷವಾಯಿತು. ಕುಂದಾಪುರದವನೋ, ಬಂಟ್ವಾಳದವನೋ, ಮಂಜೇಶ್ವರದವನೋ, ಯಾರಾದರೂ ನಮ್ಮ ಹುಡುಗನೇ. ಇಲ್ಲಿನ ಗ್ಯಾರೇಜುಗಳಲ್ಲಿ, ಹಳೆ ಕಾರಿನ ಶೋರೂಮುಗಳಲ್ಲಿ, ಅವೀರ್ ತರಕಾರಿ ಮಾರ್ಕೆಟಿನಲ್ಲಿ ನಿನ್ನಂಥವರು ಬಂದು ನೆಲೆ ಕಂಡುಕೊಳ್ಳುವುದನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಎಮಿರೇಟ್ಸ್ ಐಡಿ ಕೈಗೆ ಬರುತ್ತದೆ, ಹೊಸ ಸಿಮ್ ಬರುತ್ತದೆ, ಬ್ಯಾಂಕಿನ ಕಾರ್ಡ್ ಬರುತ್ತದೆ. ವಾರ ಕಳೆಯುವುದರೊಳಗೆ ಆ ಒಂದೇ ಕಾರ್ಡ್ ಊಟ ತರಿಸುವ ಆ್ಯಪ್, ಟ್ಯಾಕ್ಸಿಯ ಆ್ಯಪ್, ಸಾಮಾನು ಕೊಳ್ಳುವ ಆ್ಯಪ್, ಫೋನಿನ ವಾಲೆಟ್ ಎಲ್ಲದರೊಳಗೂ ಕೂತಿರುತ್ತದೆ. ತಪ್ಪೆಂದು ಹೇಳುತ್ತಿಲ್ಲ. ಈ ಊರಿನಲ್ಲಿ ಅದಿಲ್ಲದೆ ದಿನ ಸಾಗುವುದಿಲ್ಲ. ಆದರೆ ಜೋಡಿಸುವ ಮೊದಲು ನಾನು ಹೇಳುವುದನ್ನು ಒಂದಿಷ್ಟು ಕೇಳು.

ಮುಖ್ಯ ಮಾತು ಒಂದೇ. ಸಂಬಳ ಬೀಳುವ ಖಾತೆಯನ್ನು ಯಾವ ಆ್ಯಪಿಗೂ ಜೋಡಿಸಬೇಡ. ಜೋಡಿಸುವುದಕ್ಕೆಂದೇ ಬೇರೆ ಖಾತೆ ಇರಲಿ, ಅದರಲ್ಲಿ ವಾರದ ಖರ್ಚಿನಷ್ಟೇ ದುಡ್ಡಿರಲಿ. ಊರಿನಲ್ಲಿ ನಮ್ಮ ಹಿರಿಯರು ವರ್ಷದ ಅಕ್ಕಿಯನ್ನು ಮುಡಿ ಕಟ್ಟಿ ಅಟ್ಟದಲ್ಲಿ ಇಡುತ್ತಿದ್ದರು, ಅಡುಗೆಮನೆಯ ಡಬ್ಬಿಗೆ ಬೇಕಾದಷ್ಟೇ ಇಳಿಸುತ್ತಿದ್ದರು. ಡಬ್ಬಿಗೆ ಇಲಿ ಬಿದ್ದರೂ ಅಟ್ಟದ ಮುಡಿ ಉಳಿಯುತ್ತಿತ್ತು. ನಿನ್ನ ಸಂಬಳವೂ ಹಾಗೇ ಉಳಿಯಬೇಕು. ಎಷ್ಟೇ ಎಚ್ಚರ ಇದ್ದರೂ ಮನುಷ್ಯ ಒಂದು ದಿನ ಸೋಲುತ್ತಾನೆ. ಆ ದಿನ ಕೈಬಿಟ್ಟು ಹೋಗುವುದು ಇನ್ನೂರು ದಿರ್ಹಮೋ ಇಡೀ ತಿಂಗಳ ದುಡಿಮೆಯೋ ಎಂಬುದನ್ನು ಇವತ್ತೇ ನಿರ್ಧರಿಸಬಹುದು.

ಇದಕ್ಕೆ ದಾರಿಗಳುಂಟು. ಈ ದೇಶದಲ್ಲಿ ವೇತನ ರಕ್ಷಣಾ ವ್ಯವಸ್ಥೆ, ಎಲ್ಲರೂ ಡಬ್ಲ್ಯೂಪಿಎಸ್ ಎನ್ನುವುದು, 2009ರಲ್ಲಿ ಬಂತು. ಸಂಬಳ ಬ್ಯಾಂಕ್ ಖಾತೆಗೋ ಸಂಬಳದ ಕಾರ್ಡಿಗೋ ಬರುವುದು ಅದರ ಮೂಲಕ. ಆ ಕಾರ್ಡನ್ನು ಹಣ ತೆಗೆಯಲು, ಊರಿಗೆ ಕಳಿಸಲು ಮಾತ್ರ ಇಟ್ಟುಕೋ. ಇನ್ನೊಂದು ಖಾತೆ ತೆರೆಯುವಾಗ ಕನಿಷ್ಠ ಮೊತ್ತ ಎಷ್ಟಿರಬೇಕೆಂದು ಮೊದಲೇ ಕೇಳು. ಕೆಲವು ಬ್ಯಾಂಕುಗಳು ಮೂರು ಸಾವಿರ ದಿರ್ಹಮ್‌ಗಿಂತ ಕಡಿಮೆಯಾದರೆ ತಿಂಗಳು ತಿಂಗಳು ದಂಡ ಹಿಡಿಯುತ್ತವೆ. ಕನಿಷ್ಠ ಮೊತ್ತದ ಷರತ್ತಿಲ್ಲದೆ ಮೊಬೈಲಿನಲ್ಲೇ ತೆರೆಯುವ ಖಾತೆಗಳೂ ಇವೆ. ಆನ್‌ಲೈನ್ ಖರೀದಿಗೆ ಮಾತ್ರ ಬಳಸುವ ವರ್ಚುವಲ್ ಕಾರ್ಡ್ ಕೊಡುವ ಬ್ಯಾಂಕ್ ಆದರೆ ಇನ್ನೂ ಒಳ್ಳೆಯದು. ಬೇಕಾದಾಗ ಆ್ಯಪಿನಲ್ಲೇ ಅದನ್ನು ತಡೆಹಿಡಿಯಬಹುದು, ಮಿತಿ ಹಾಕಬಹುದು.

ಇನ್ನು ಕಾರ್ಡ್ ಜೋಡಿಸುವುದು ಎಂದರೆ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದುಕೋ. ಆಪಲ್ ಪೇ, ಗೂಗಲ್ ಪೇ ತರಹದ ವಾಲೆಟ್ಟಿಗೆ ಕಾರ್ಡ್ ಸೇರಿಸಿದಾಗ ನಿನ್ನ ಹದಿನಾರು ಅಂಕಿಯ ನಂಬರಿನ ಬದಲು ಆ ಫೋನಿಗೆ ಮಾತ್ರ ಸಲ್ಲುವ ಬೇರೆ ನಂಬರ್ ಹುಟ್ಟುತ್ತದೆ. ಅದಕ್ಕೆ ಟೋಕನ್ ಎನ್ನುತ್ತಾರೆ. ಅಂಗಡಿಯವನಿಗೆ ಸಿಗುವುದು ಟೋಕನ್ ಮಾತ್ರ, ಅಸಲಿ ನಂಬರ್ ಅಲ್ಲ. ಹಾಗಾಗಿ ಕಾರ್ಡನ್ನು ಕೈಯಿಂದ ಕೈಗೆ ಕೊಡುವುದಕ್ಕಿಂತ ಫೋನ್ ಮುಟ್ಟಿಸಿ ಕೊಡುವುದೇ ಹೆಚ್ಚು ಭದ್ರ. ಭಾರತದಲ್ಲೂ 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಅಂಗಡಿಗಳು ಗ್ರಾಹಕರ ಕಾರ್ಡ್ ನಂಬರನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಟೋಕನ್ ಮಾತ್ರ ಇಡಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ.

ಆದರೆ ಕಳ್ಳ ನುಗ್ಗುವುದೂ ವಾಲೆಟ್ಟಿಗೆ ಕಾರ್ಡ್ ಸೇರಿಸುವ ಇದೇ ಬಾಗಿಲಿನಿಂದ. ನಿನ್ನ ಪಾರ್ಸೆಲ್ ಬಂದಿದೆ, ಹತ್ತು ದಿರ್ಹಮ್ ಕಟ್ಟಿದರೆ ತಲುಪಿಸುತ್ತೇವೆ ಎಂದು ಸಂದೇಶ ಬರುತ್ತದೆ. ಟ್ರಾಫಿಕ್ ದಂಡ ಬಾಕಿ ಇದೆ ಎಂದೂ ಬರುತ್ತದೆ. ಲಿಂಕ್ ಒತ್ತಿದರೆ ಅಸಲಿಯಂತೆಯೇ ಕಾಣುವ ಪುಟ. ಕಾರ್ಡ್ ನಂಬರ್ ಹಾಕುತ್ತೀ, ಒಟಿಪಿ ಬರುತ್ತದೆ, ಅದನ್ನೂ ಹಾಕುತ್ತೀ. ಹತ್ತು ದಿರ್ಹಮಿಗೆ ಅಂದುಕೊಂಡು ನೀನು ಕೊಟ್ಟ ಒಟಿಪಿ ನಿನ್ನ ಕಾರ್ಡನ್ನು ಕಳ್ಳನ ಫೋನಿನ ವಾಲೆಟ್ಟಿಗೆ ಸೇರಿಸಲು ಬಂದದ್ದಾಗಿರಬಹುದು. ಒಮ್ಮೆ ಸೇರಿತೆಂದರೆ ಆಮೇಲೆ ಅವನು ಅಂಗಡಿ ಅಂಗಡಿಯಲ್ಲಿ ಫೋನ್ ಮುಟ್ಟಿಸುತ್ತಾ ಹೋದರೂ ನಿನಗೆ ಮತ್ತೆ ಒಟಿಪಿ ಬರುವುದಿಲ್ಲ. ಆ ಒಟಿಪಿ ಎಂತಕ್ಕೆ ಎಂದು ಬ್ಯಾಂಕ್ ಸಂದೇಶದಲ್ಲೇ ಬರೆದಿರುತ್ತದೆ. ನಾವು ಅಂಕಿಯನ್ನಷ್ಟೇ ನೋಡುತ್ತೇವೆ, ಅಕ್ಷರ ಓದುವುದಿಲ್ಲ. ಆದ್ದರಿಂದ ಮೊದಲು ಅಕ್ಷರ ಓದು. ಎಷ್ಟು ಮೊತ್ತ, ಯಾರಿಗೆ, ಯಾವ ಕೆಲಸಕ್ಕೆ, ಮೂರೂ ನೀನು ಮಾಡುತ್ತಿರುವ ಕೆಲಸಕ್ಕೆ ಹೊಂದಿದರೆ ಮಾತ್ರ ಮುಂದುವರಿ.

ಇಲ್ಲಿನ ಬ್ಯಾಂಕುಗಳು ಕೇಂದ್ರ ಬ್ಯಾಂಕಿನ ಸೂಚನೆಯಂತೆ 2025ರ ಜುಲೈಯಿಂದ ಎಸ್ಸೆಮ್ಮೆಸ್ ಒಟಿಪಿ ಬಿಟ್ಟು ಬ್ಯಾಂಕಿನ ಆ್ಯಪಿನೊಳಗೇ ಒಪ್ಪಿಗೆ ಕೇಳುವ ಕ್ರಮಕ್ಕೆ ಬದಲಾಗತೊಡಗಿವೆ. ಇದು ಒಳ್ಳೆಯ ಬದಲಾವಣೆ. ಆದರೆ ಕಾರಿನ ಅಡಿಯಲ್ಲಿ ಮಲಗಿ ಕೆಲಸ ಮಾಡುವಾಗ, ಕೈಯೆಲ್ಲ ಗ್ರೀಸ್ ಆಗಿರುವಾಗ ಫೋನ್ ಸದ್ದಾಯಿತೆಂದು ಕಣ್ಣು ಹಾಯಿಸದೆ ಒಪ್ಪಿಗೆ ಒತ್ತಿದರೆ ಹಳೆಯ ಒಟಿಪಿಗಿಂತಲೂ ಬೇಗ ಹಣ ಹೋಗುತ್ತದೆ. ನೀನಾಗಿ ಏನೂ ಮಾಡದೆ ಬಂದ ಒಪ್ಪಿಗೆಯ ಕೋರಿಕೆಯನ್ನು ತಿರಸ್ಕರಿಸಿ ತಕ್ಷಣ ಬ್ಯಾಂಕಿಗೆ ಫೋನ್ ಮಾಡು. ಫೋನ್ ನಂಬರನ್ನು ಕಾರ್ಡಿನ ಹಿಂಬದಿಯಿಂದ ತೆಗೆದುಕೋ, ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ನಂಬರ್ ಬೇಡ. ಬ್ಯಾಂಕ್, ಪೊಲೀಸ್, ಸೆಂಟ್ರಲ್ ಬ್ಯಾಂಕ್ ಎಂದು ಹೇಳಿಕೊಂಡು ಯಾರೇ ಒಟಿಪಿ ಕೇಳಿದರೂ ಫೋನ್ ಇಡು. ಅವರು ಹಿಂದಿಯಲ್ಲಿ ಮಾತಾಡಲಿ, ನಮ್ಮ ಭಾಷೆಯಲ್ಲೇ ಮಾತಾಡಲಿ, ಉತ್ತರ ಒಂದೇ.

ಇಲ್ಲಿನ ನಮ್ಮವರು ಹೆಚ್ಚು ಅಲಕ್ಷ್ಯ ಮಾಡುವುದು ಫೋನ್ ನಂಬರಿನ ವಿಷಯದಲ್ಲಿ. ಊರಿನ ಬ್ಯಾಂಕಿಗೆ ಕೊಟ್ಟ ಭಾರತದ ಸಿಮ್ ಹಳೆಯ ಫೋನಿನಲ್ಲಿ ಪೆಟ್ಟಿಗೆಯ ತಳದಲ್ಲಿ ಬಿದ್ದಿರುತ್ತದೆ. ರೀಚಾರ್ಜ್ ಇಲ್ಲದೆ, 90 ದಿನ ಬಳಕೆಯಿಲ್ಲದೆ ಉಳಿದ ಪ್ರೀಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಬಹುದು. ಸ್ವಲ್ಪ ಕಾಲದ ನಂತರ ಅದು ಬೇರೆಯವರ ಪಾಲಾಗುತ್ತದೆ. ನಿನ್ನ ಖಾತೆಯ ಒಟಿಪಿ ಗೊತ್ತಿಲ್ಲದವರ ಫೋನಿಗೆ ಹೋಗುವುದು ಎಂಥ ಅಪಾಯ, ಯೋಚಿಸು. ಇಲ್ಲಿನ ಸಿಮ್ಮೂ ಎಮಿರೇಟ್ಸ್ ಐಡಿಗೆ ಕಟ್ಟಿಕೊಂಡದ್ದು. ಐಡಿ ಅವಧಿ ಮುಗಿದರೆ ಅದೂ ನಿಲ್ಲುತ್ತದೆ. ಆದ್ದರಿಂದ ಎರಡು ದೇಶದ ಎರಡು ನಂಬರಿಗೂ ರೀಚಾರ್ಜ್ ಮತ್ತು ನವೀಕರಣದ ದಿನಾಂಕ ಬರೆದಿಟ್ಟುಕೋ. ಸಿಗ್ನಲ್ ಕಾರಣವಿಲ್ಲದೆ ಗಂಟೆಗಟ್ಟಲೆ ಸತ್ತರೆ ಸುಮ್ಮನಿರಬೇಡ, ನಿನ್ನ ಹೆಸರಿನಲ್ಲಿ ಬೇರೆ ಯಾರೋ ಸಿಮ್ ತೆಗೆದಿರಬಹುದು. ಕಂಪನಿಯನ್ನೂ ಬ್ಯಾಂಕನ್ನೂ ವಿಚಾರಿಸು.

ಊರಿನ ಖಾತೆಯ ವಿಷಯಕ್ಕೆ ಬರುತ್ತೇನೆ. ದುಡಿಯಲು ಹೊರದೇಶಕ್ಕೆ ಬಂದವನು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಇಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ. ತೋಟದ ಅಡಿಕೆ ದುಡ್ಡು, ಮನೆಯ ಬಾಡಿಗೆ ಬರಬೇಕಾದದ್ದು ಎನ್‌ಆರ್‌ಒಗೆ, ಎನ್‌ಆರ್‌ಇಗೆ ಅಲ್ಲ. ಯುಪಿಐ 2016ರಲ್ಲಿ ಶುರುವಾದಾಗ ಭಾರತದ ನಂಬರ್ ಇಲ್ಲದವರಿಗೆ ಅದು ಸಿಗುತ್ತಿರಲಿಲ್ಲ. 2023ರ ಜನವರಿಯಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಯುಎಇ ಸೇರಿ ಹತ್ತು ದೇಶಗಳ ಫೋನ್ ನಂಬರಿಗೂ ಎನ್‌ಆರ್‌ಇ, ಎನ್‌ಆರ್‌ಒ ಖಾತೆ ಜೋಡಿಸಲು ದಾರಿ ಮಾಡಿತು. ನಿನ್ನ ಬ್ಯಾಂಕಿನಲ್ಲಿ ಈ ಸೌಲಭ್ಯ ಉಂಟಾ ಎಂದು ಕೇಳು. ಇದ್ದರೆ ಇಲ್ಲಿನ 971ರ ನಂಬರನ್ನು ಮೊದಲು ಬ್ಯಾಂಕಿನಲ್ಲಿ ನೋಂದಾಯಿಸು, ಆಮೇಲೆ ಆ್ಯಪಿಗೆ ಹೋಗು. ಇಲ್ಲೂ ಅದೇ ಮಾತು: ಯುಪಿಐಗೆ ಸಣ್ಣ ಮೊತ್ತದ ಎನ್‌ಆರ್‌ಒ ಖಾತೆ ಜೋಡಿಸು, ಮನೆ ಕಟ್ಟಲು ಕೂಡಿಟ್ಟ ಎನ್‌ಆರ್‌ಇ ಖಾತೆಯನ್ನು ಹೊರಗಿಡು.

ನಮ್ಮ ಜಿಲ್ಲೆಗಳಲ್ಲಿ ಹುಟ್ಟಿದ ಬ್ಯಾಂಕುಗಳ ಪಾಸ್‌ಬುಕ್ ಇನ್ನೂ ಹಳೆಯ ಹೆಸರಿನಲ್ಲೇ ಅನೇಕರ ಮನೆಯಲ್ಲುಂಟು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿದವು. ಹಳೆಯ ಹೆಸರಿನಲ್ಲಿ ಆ್ಯಪ್ ಹುಡುಕಬೇಡ, ಸಿಕ್ಕಿದ್ದು ನಕಲಿಯಾಗಿರಬಹುದು. ಈಗಿನ ಬ್ಯಾಂಕಿನ ಆ್ಯಪನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರಿನಿಂದಲೇ ಹಾಕಿಕೋ. ವಾಟ್ಸ್ಆ್ಯಪಿನಲ್ಲಿ ಮದುವೆ ಆಮಂತ್ರಣ ಎಂದು, ವಾಹನದ ದಂಡದ ಚಲನ್ ಎಂದು ಆ್ಯಪ್ ಹಾಕಿಸುವ ಎಪಿಕೆ ಫೈಲ್ ಬಂದರೆ ಒತ್ತಬೇಡ. ಅದು ಫೋನಿನೊಳಗೆ ಕೂತು ನಿನ್ನ ಸಂದೇಶಗಳನ್ನು ಓದುತ್ತದೆ. ಸಹಾಯ ಮಾಡುತ್ತೇನೆಂದು ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸುವವನೂ ಅದೇ ಜಾತಿಯ ಕಳ್ಳ.

ಇದನ್ನು ಊರಿನಲ್ಲಿರುವ ಅಮ್ಮನಿಗೂ ಹೇಳು. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯ ಇಲ್ಲ, ಪಿನ್ ಕೇಳಿತೆಂದರೆ ದುಡ್ಡು ಹೋಗುತ್ತದೆ ಎಂದೇ ಅರ್ಥ. ಪರಸ್ಪರ ಹಣ ಕೇಳುವ ಕಲೆಕ್ಟ್ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಆದರೂ ಕ್ಯೂಆರ್ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿದರೆ ನಿಮಗೆ ಹಣ ಬರುತ್ತದೆ ಎಂದು ನಂಬಿಸುವವರು ಇದ್ದಾರೆ. ಅಮ್ಮನ ಫೋನಿಗೂ ಸಣ್ಣ ಖಾತೆಯನ್ನೇ ಜೋಡಿಸು. ನೀನು ಕಳಿಸಿದ್ದೆಲ್ಲ ಆ ಖಾತೆಯಲ್ಲೇ ನಿಲ್ಲುವುದು ಬೇಡ.

ನಮ್ಮ ರಾಸ್ ಅಲ್ ಖೋರ್‌ನಲ್ಲಿ ಹಳೆ ಕಾರು, ಬಿಡಿಭಾಗ, ಟಯರಿನ ವ್ಯವಹಾರ ದಿನವೂ ನಡೆಯುತ್ತದೆ. 2023ರಲ್ಲಿ ಆರಂಭವಾದ ಆನಿ ಸೇವೆಯಿಂದ ಫೋನ್ ನಂಬರಿಗೇ ಕೆಲವು ಸೆಕೆಂಡುಗಳಲ್ಲಿ ಹಣ ಕಳಿಸಬಹುದು. ಅಷ್ಟು ಬೇಗ ಹೋದದ್ದನ್ನು ಹಿಂದೆ ತರುವುದು ಕಷ್ಟ. ಆದ್ದರಿಂದ ಕಳಿಸುವ ಮುನ್ನ ಪರದೆಯ ಮೇಲೆ ಕಾಣುವ ಹೆಸರನ್ನು ಓದು. ನಿನಗೆ ಬರಬೇಕಾದ ಹಣವಾದರೆ ಸ್ಕ್ರೀನ್‌ಶಾಟ್ ನಂಬಬೇಡ, ನಿನ್ನ ಖಾತೆಯಲ್ಲಿ ಬಿದ್ದದ್ದನ್ನು ನೋಡಿಯೇ ಕಾರಿನ ಕೀ ಕೊಡು. ಹಣ ಪಡೆಯಲು ನೀನು ಕೊಡಬೇಕಾದದ್ದು ನಿನ್ನ ಖಾತೆಯ ಸಂಖ್ಯೆಯಾದ ಐಬಾನ್ ಅಥವಾ ನೋಂದಾಯಿಸಿದ ಫೋನ್ ನಂಬರ್. ಎಇ ಅಕ್ಷರದಿಂದ ಶುರುವಾಗುವ 23 ಅಕ್ಷರಾಂಕಿಗಳ ಐಬಾನ್ ಕೊಟ್ಟರೆ ಸಾಕು. ಕಾರ್ಡಿನ ಫೋಟೋ, ಹಿಂಬದಿಯ ಮೂರು ಅಂಕಿ ಕೇಳಿದವನ ಉದ್ದೇಶ ಬೇರೆ.

ಇನ್ನೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ರೂಮಿನಲ್ಲಿ ಯಾರೋ ಬಂದು, ನಿನ್ನ ಖಾತೆಗೆ ಸ್ವಲ್ಪ ಹಣ ಬರುತ್ತದೆ, ತೆಗೆದುಕೊಟ್ಟರೆ ಕಮಿಷನ್ ಕೊಡುತ್ತೇನೆ ಎನ್ನಬಹುದು. ನಿನ್ನ ಐಡಿ ಕೊಡು, ಒಂದು ವಾಲೆಟ್ ತೆರೆಯುತ್ತೇನೆ ಎನ್ನಬಹುದು. ಯಾರೇ ಆಗಲಿ, ಊರಿನವನೇ ಆಗಲಿ, ಆಗುವುದಿಲ್ಲ ಎನ್ನು. ಆ ಹಣ ಇನ್ಯಾರನ್ನೋ ಮೋಸ ಮಾಡಿ ತಂದದ್ದಾದರೆ ಪೊಲೀಸರಿಗೆ ಮೊದಲು ಸಿಗುವ ಹೆಸರು ನಿನ್ನದು. ಖಾತೆ ಮುಟ್ಟುಗೋಲಾಗಬಹುದು, ಜೈಲಾಗಬಹುದು, ದೇಶ ಬಿಡಬೇಕಾಗಬಹುದು. ತಪ್ಪಿ ಬಂತು, ವಾಪಸ್ ಕಳಿಸು ಎಂದು ಅಪರಿಚಿತನು ಕೇಳಿದರೂ ನೀನಾಗಿ ಕಳಿಸಬೇಡ. ಬ್ಯಾಂಕಿಗೆ ತಿಳಿಸು, ಅವರೇ ವಾಪಸ್ ಮಾಡಲಿ.

ಇಷ್ಟೆಲ್ಲ ಮಾಡಿಯೂ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡಬೇಡ. ಮೊದಲು ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡ್ ತಡೆಹಿಡಿ, ಕೂಡಲೇ ಬ್ಯಾಂಕಿಗೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೋ. ನಂತರ ದುಬೈ ಪೊಲೀಸರ ಇ-ಕ್ರೈಮ್ ತಾಣದಲ್ಲಿ ದೂರು ಕೊಡು, ವಿಚಾರಿಸಲು ಅವರ ಫೋನ್ ನಂಬರ್ 901 ಉಂಟು. ಬ್ಯಾಂಕ್ ಕಿವಿಗೆ ಹಾಕಿಕೊಳ್ಳದಿದ್ದರೆ ಬ್ಯಾಂಕ್ ಮತ್ತು ವಿಮೆಯ ದೂರುಗಳಿಗೆಂದೇ ಇರುವ ಸನದಕ್ ಸಂಸ್ಥೆಗೆ ಬರೆ. ಹೋದದ್ದು ಭಾರತದ ಖಾತೆಯಿಂದಾದರೆ ಊರಿನಲ್ಲಿರುವವರಿಂದ 1930ಕ್ಕೆ ಫೋನ್ ಮಾಡಿಸು, ನೀನು ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ದೂರು ದಾಖಲಿಸು. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ನಿಯಮದಂತೆ ನಿನ್ನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿನ್ನ ಮೇಲೆ ಬರುವುದಿಲ್ಲ. ಪಿನ್ ಅಥವಾ ಒಟಿಪಿ ನೀನೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿನ್ನದು, ತಿಳಿಸಿದ ಮೇಲಿನದು ಬ್ಯಾಂಕಿನದು. ಹಾಗಾಗಿ ತಪ್ಪು ನಿನ್ನದೇ ಆದರೂ ತಡಮಾಡದೆ ಹೇಳುವುದರಲ್ಲಿ ಲಾಭವುಂಟು.

ಕೆಲಸ ಬಿಟ್ಟು ಊರಿಗೆ ಹೊರಡುವಾಗಲೂ, ಫೋನ್ ಮಾರುವಾಗಲೂ ಜೋಡಿಸಿದ್ದನ್ನು ಬಿಡಿಸು. ವಾಲೆಟ್ಟಿನಿಂದ ಕಾರ್ಡ್ ತೆಗೆ, ಆ್ಯಪುಗಳಲ್ಲಿ ಉಳಿಸಿದ ಕಾರ್ಡ್ ಅಳಿಸು, ತಿಂಗಳು ತಿಂಗಳು ಹಣ ಎಳೆಯುವ ಚಂದಾ ನಿಲ್ಲಿಸು, ಸಿಮ್ ರದ್ದು ಮಾಡುವ ಮೊದಲು ಬ್ಯಾಂಕಿನಲ್ಲಿ ನಂಬರ್ ಬದಲಿಸು.

ಬರುವ ರಜೆಯ ದಿನ ಒಂದು ಗಂಟೆ ಕೂತುಕೋ. ಸಂಬಳದ ಕಾರ್ಡ್ ಎಲ್ಲೆಲ್ಲಿ ಸೇರಿಕೊಂಡಿದೆ ನೋಡಿ ತೆಗೆದುಹಾಕು. ಖರ್ಚಿನ ಕಾರ್ಡಿಗೆ ಮಿತಿ ಹಾಕು, ಪ್ರತಿ ವ್ಯವಹಾರಕ್ಕೂ ಸಂದೇಶ ಬರುವಂತೆ ಮಾಡು. ಫೋನಿಗೆ ಬೀಗ ಇರಲಿ, ಅದರ ಸಂಖ್ಯೆ ಕಾರ್ಡಿನ ಪಿನ್ ಆಗದಿರಲಿ. ಇದನ್ನು ಮುಗಿಸಿದ ಮೇಲೆ ಪಕ್ಕದ ಮಂಚದ ಹುಡುಗನಿಗೂ ಮಾಡಿಸು. ನಾಳೆ ಊರಿನಿಂದ ಇನ್ನೊಬ್ಬ ಬರುತ್ತಾನೆ. ಅವನ ಕೈಗೆ ಮೊದಲ ಸಂಬಳ ಸೇರುವುದರೊಳಗೆ ಈ ಮಾತು ಅವನ ಕಿವಿಗೂ ಬೀಳಲಿ, ತಮ್ಮಾ.