ಒಳಸಮುದ್ರದ ದ್ವೀಪಗಳಲ್ಲಿ ಉದೋನ್ ಮತ್ತು ಮ್ಯೂಸಿಯಂ

ಪ್ರಶ್ನೆ: ಮಗಳು ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ. ನಾವಿಬ್ಬರೂ ಅವಳಲ್ಲಿಗೆ ಹೊರಟಿದ್ದೇವೆ. ಟೋಕಿಯೊದ ಗದ್ದಲ ಬೇಡ ಅಂದಿದ್ದಕ್ಕೆ ನಾವೊಶಿಮಾ ಎಂಬ ಪುಟ್ಟ ದ್ವೀಪ ತೋರಿಸುತ್ತೇನೆ ಅನ್ನುತ್ತಾಳೆ. ಮೀನುಗಾರರ ಊರಿಗೆ ಅಷ್ಟು ದೊಡ್ಡ ಕಲಾವಿದರ ಮ್ಯೂಸಿಯಂಗಳು ಹೇಗೆ ಬಂದವು? ನಾವು ಸಸ್ಯಾಹಾರಿಗಳು, ಅಲ್ಲಿ ಊಟದ ಗತಿಯೇನು?
— ಓದುಗರು, ಧಾರವಾಡ

ಉತ್ತರ: ಮಗಳ ಮಾತು ಕೇಳಿ, ಧಾರಾಳವಾಗಿ ಹೋಗಿಬನ್ನಿ. ಆದರೆ ಅಲ್ಲಿನ ಶಾಂತಿ ನೋಡಿ, ಇದು ಯಾರ ಕೈಯೂ ಸೋಕದ ಜಾಗ ಅಂದುಕೊಳ್ಳಬೇಡಿ. ಹೊನ್ಶು ಮತ್ತು ಶಿಕೊಕು ನಡುವಿನ ಸೆತೊ ಒಳಸಮುದ್ರದಲ್ಲಿರುವ ಈ ದ್ವೀಪಗಳು ದುಡಿದು ದಣಿದವು. ಅಲ್ಲಿಯ ಊಟಕ್ಕೂ ಕಲೆಗೂ ಮೂಲದಲ್ಲಿ ಒಂದೊಂದು ಕೊರತೆಯಿದೆ.

ಮೊದಲು ಮ್ಯೂಸಿಯಂ ವಿಷಯ. ನಾವೊಶಿಮಾದ ಉತ್ತರ ತುದಿಯಲ್ಲಿ 1917ರಿಂದ ಮಿತ್ಸುಬಿಶಿಯವರ ತಾಮ್ರ ಶುದ್ಧೀಕರಣ ಕಾರ್ಖಾನೆಯಿದೆ. ಊರಿಗೆ ಅನ್ನ ಕೊಟ್ಟದ್ದೂ ಅದೇ, ಹೊಗೆಯಿಂದ ಸುತ್ತಲಿನ ಗುಡ್ಡಗಳನ್ನು ಬೋಳಿಸಿದ್ದೂ ಅದೇ. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾದಂತೆ ಹರೆಯದವರು ಊರು ಬಿಟ್ಟರು. ದ್ವೀಪದ ದಕ್ಷಿಣ ಭಾಗಕ್ಕಾದರೂ ಹೊಸ ಜೀವ ಬರಲಿ ಎಂದು ಅಂದಿನ ಮೇಯರ್ 1985ರಲ್ಲಿ ಒಕಯಾಮಾದ ಪ್ರಕಾಶಕ ತೆತ್ಸುಹಿಕೊ ಫುಕುತಾಕೆ ಅವರೊಡನೆ ಮಾತಾಡಿದರು. ಮರುವರ್ಷವೇ ಫುಕುತಾಕೆ ತೀರಿಕೊಂಡರು. ಮಗ ಸೊಯಿಚಿರೊ ಕೆಲಸ ಮುಂದುವರಿಸಿ, ವಾಸ್ತುಶಿಲ್ಪಿ ತಾದಾವೊ ಆಂದೊ ಅವರನ್ನು ಕರೆತಂದರು. 1992ರಲ್ಲಿ ಮ್ಯೂಸಿಯಮ್ಮೂ ಹೋಟೆಲ್ಲೂ ಒಂದೇ ಆಗಿರುವ ಬೆನೆಸ್ಸೆ ಹೌಸ್ ತೆರೆಯಿತು. 1998ರಿಂದ ಹೊನ್ಮುರಾ ಎಂಬ ಹಳೆಯ ಕೇರಿಯ ಖಾಲಿ ಮನೆಗಳು ಒಂದೊಂದಾಗಿ ಕಲಾಕೃತಿಗಳಾದವು. ಆ ಓಣಿಗಳಲ್ಲಿ ಅಡ್ಡಾಡುವಾಗ ಪಕ್ಕದ ಮನೆಯಲ್ಲಿ ಜನ ಬಟ್ಟೆ ಒಣಹಾಕುತ್ತಿರುತ್ತಾರೆ. ಅಲ್ಲಿ ದನಿ ತಗ್ಗಿಸಿ ಮಾತಾಡುವುದೇ ಮರ್ಯಾದೆ.

2004ರಲ್ಲಿ ತೆರೆದ ಚಿಚೂ ಮ್ಯೂಸಿಯಂ ಅನ್ನು ಮಾತ್ರ ಬಿಡಬೇಡಿ. ಗುಡ್ಡದ ಸಾಲು ಕೆಡದಿರಲಿ ಎಂದು ಆಂದೊ ಕಟ್ಟಡದ ಬಹುಪಾಲನ್ನು ನೆಲದೊಳಗೇ ಕಟ್ಟಿದ್ದಾರೆ. ಕ್ಲೋದ್ ಮೊನೆಯ ತಾವರೆಕೊಳದ ಐದು ಚಿತ್ರಗಳಿರುವ ಕೋಣೆಗೆ ಚಪ್ಪಲಿ ಬದಲಿಸಿ ಹೋಗಬೇಕು. ಅಲ್ಲಿ ವಿದ್ಯುದ್ದೀಪವಿಲ್ಲ, ಮೇಲಿಂದ ಬರುವ ಹಗಲ ಬೆಳಕಷ್ಟೇ. ಮೋಡ ಕವಿದರೆ ಚಿತ್ರದ ಬಣ್ಣವೂ ಬದಲಾಗುತ್ತದೆ. ದ್ವೀಪದ ದಂಡೆಯಲ್ಲಿ, ಕಡಲಿಗೆ ಚಾಚಿದ ಕಟ್ಟೆಯ ತುದಿಯಲ್ಲಿ ಕಲಾವಿದೆ ಯಾಯೊಯಿ ಕುಸಾಮಾ ಅವರ ಹಳದಿ ಕುಂಬಳಕಾಯಿ ಶಿಲ್ಪ ಇದೆ. 2021ರ ಆಗಸ್ಟಿನ ಬಿರುಗಾಳಿಗೆ ಅದು ನೀರುಪಾಲಾಗಿತ್ತು, 2022ರಲ್ಲಿ ಹೊಸದನ್ನು ಕೂರಿಸಿದರು.

ಪಕ್ಕದ ತೆಶಿಮಾದ ಕಥೆ ಇನ್ನೂ ಕಟು. ಅಲ್ಲಿ ವರ್ಷಗಟ್ಟಲೆ ಕೈಗಾರಿಕಾ ಕಸವನ್ನು ಕಾನೂನುಬಾಹಿರವಾಗಿ ಸುರಿದರು. ದ್ವೀಪದವರು ಛಲ ಬಿಡದೆ ಹೋರಾಡಿದರು. 2000ದಲ್ಲಿ ಸರ್ಕಾರದೊಡನೆ ಒಪ್ಪಂದವಾಯಿತು. 9 ಲಕ್ಷ ಟನ್ನಿಗೂ ಮಿಕ್ಕಿದ ಕಸ ಮತ್ತು ಕೆಟ್ಟ ಮಣ್ಣು ಹಡಗೇರಿ ನಾವೊಶಿಮಾಕ್ಕೆ ಸಂಸ್ಕರಣೆಗೆ ಹೋಯಿತು. ಆ ಸಾಗಾಟ ಇನ್ನೂ ನಡೆಯುತ್ತಿದ್ದಾಗಲೇ, 2010ರಲ್ಲಿ, ಗದ್ದೆಗಳ ನಡುವೆ ತೆಶಿಮಾ ಆರ್ಟ್ ಮ್ಯೂಸಿಯಂ ಎದ್ದಿತು. ವಾಸ್ತುಶಿಲ್ಪಿ ರ‍್ಯೂಯೆ ನಿಶಿಜಾವಾ, ಕಲಾವಿದೆ ರೇ ನಾಯಿತೊ. ಕಂಬವಿಲ್ಲದ ಬಿಳಿ ಕಾಂಕ್ರೀಟ್ ಕಮಾನು, ಆಕಾಶಕ್ಕೆ ತೆರೆದ ಎರಡು ಬಾಯಿ, ನೆಲದಿಂದ ಒಸರಿ ಉರುಳುವ ನೀರಹನಿ. ನೋಡಲಿಕ್ಕೆ ಅಲ್ಲಿ ಬೇರೇನೂ ಇಲ್ಲ, ಆದರೂ ಜನ ಗಂಟೆಗಟ್ಟಲೆ ಕೂರುತ್ತಾರೆ.

ಇನ್ನು ಊಟ. ಉತ್ತರಕ್ಕೂ ದಕ್ಷಿಣಕ್ಕೂ ಬೆಟ್ಟಸಾಲು ಮಳೆಗಾಳಿಯನ್ನು ತಡೆಯುವುದರಿಂದ ಈ ಸೀಮೆಯಲ್ಲಿ ಮಳೆ ಕಡಿಮೆ. ನಮ್ಮ ಬಯಲುಸೀಮೆಯಂತೆ ಇಲ್ಲಿಯ ಕಗಾವಾ ಪ್ರಾಂತವೂ ಕೆರೆಗಳನ್ನು ನಂಬಿ ಬದುಕಿದ ನಾಡು. ಮಾನ್ನೋ ಎಂಬ ಹಿರಿಯ ಕೆರೆಯ ಏರಿಯನ್ನು 821ರಲ್ಲಿ ದುರಸ್ತಿ ಮಾಡಿಸಿದವರು ಇದೇ ನಾಡಿನ ಬೌದ್ಧ ಗುರು ಕೂಕಾಯ್. ಭತ್ತಕ್ಕೆ ನೀರು ಸಾಲದ ಕಡೆ ಗೋಧಿ ಬೆಳೆದರು, ಒಣಬಿಸಿಲಿನಲ್ಲಿ ಉಪ್ಪು ತೆಗೆದರು. ಆ ಗೋಧಿ, ಆ ಉಪ್ಪು ಸೇರಿ ಸಾನುಕಿ ಉದೋನ್ ಆಯಿತು: ದಪ್ಪನೆಯ, ಜಗಿದರೆ ಪುಟಿಯುವ ನೂಡಲ್. ಶೋಡೊಶಿಮಾ ದ್ವೀಪದ ಸೋಯಾ ಸಾಸ್ ಹಿಂದೆಯೂ ಇದೇ ಉಪ್ಪಿದೆ. ಅಲ್ಲಿ ಇವತ್ತಿಗೂ ಆಳೆತ್ತರದ ಮರದ ಪೀಪಾಯಿಗಳಲ್ಲಿ ಅದನ್ನು ಹುದುಗಿಸುತ್ತಾರೆ. 1908ರಲ್ಲಿ ನೆಟ್ಟ ಆಲಿವ್ ಕೂಡ ಆ ಬಿಸಿಲಿಗೆ ಒಗ್ಗಿ ಉಳಿಯಿತು.

ಸಸ್ಯಾಹಾರಿಗಳಿಗೆ ತೊಡಕು ನೂಡಲಿನಲ್ಲಿಲ್ಲ, ಸಾರಿನಲ್ಲಿದೆ. ಉದೋನ್ ಸಾರನ್ನು ಇರಿಕೊ ಎಂಬ ಒಣಮೀನಿನಿಂದ ತೆಗೆಯುತ್ತಾರೆ. ‘ಮಾಂಸ ಬೇಡ’ ಅಂದರೆ ಸಾಲದು, ಮೀನಿನ ಸಾರೂ ಬೇಡ ಎಂದು ಮಗಳಿಂದ ಒಂದು ಚೀಟಿಯಲ್ಲಿ ಜಪಾನಿ ಭಾಷೆಯಲ್ಲಿ ಬರೆಸಿಟ್ಟುಕೊಳ್ಳಿ. ಬೆಂದ ಉದೋನಿಗೆ ಸಾರಿಲ್ಲದೆ ಸೋಯಾ ಸಾಸ್, ತುರಿದ ಮೂಲಂಗಿ, ಶುಂಠಿ, ಈರುಳ್ಳಿ ಸೊಪ್ಪು ಹಾಕಿಕೊಂಡು ತಿನ್ನುವ ರೂಢಿ ಅಲ್ಲಿಯದೇ. ಆದರೆ ಅಂಗಡಿಯ ಮೇಜಿನ ಮೇಲಿನ ಸೋಯಾ ಸಾಸಿಗೂ ಎಷ್ಟೋ ಸಲ ಮೀನಿನ ರಸ ಬೆರೆಸಿರುತ್ತಾರೆ. ಸೋಯಾ, ಗೋಧಿ, ಉಪ್ಪು ಬಿಟ್ಟು ಬೇರೇನೂ ಇಲ್ಲದ ಸಣ್ಣ ಬಾಟಲಿ ನಿಮ್ಮ ಚೀಲದಲ್ಲಿರಲಿ. ತರಕಾರಿ ತೆಂಪುರಾ ಕಂಡು ಬಜ್ಜಿ ಅಂದುಕೊಳ್ಳಬೇಡಿ. ಹಿಟ್ಟಿಗೆ ಮೊಟ್ಟೆ ಹಾಕುವುದುಂಟು, ಎಣ್ಣೆಯೂ ಮೀನು ಕರಿದದ್ದೇ ಇರಬಹುದು. ಉದೋನ್ ಅಂಗಡಿಗಳಲ್ಲಿ ಬಹಳಷ್ಟು ಬೆಳಿಗ್ಗೆ ತೆರೆದು ಮಧ್ಯಾಹ್ನಕ್ಕೆಲ್ಲ ಬಾಗಿಲು ಹಾಕುತ್ತವೆ. ರಾತ್ರಿ ಊಟಕ್ಕೆ ಅವನ್ನು ನೆಚ್ಚಿಕೊಳ್ಳಬೇಡಿ.

ದಾರಿ ಸುಲಭ. ಒಸಾಕಾದಿಂದ ಒಕಯಾಮಾಗೆ ಶಿಂಕಾನ್ಸೆನ್‌ನಲ್ಲಿ ಮುಕ್ಕಾಲು ಗಂಟೆ, ಅಲ್ಲಿಂದ ಲೋಕಲ್ ರೈಲಿನಲ್ಲಿ ಊನೊ ಬಂದರು. ದೋಣಿ ಹತ್ತಿದರೆ 20 ನಿಮಿಷಕ್ಕೆ ನಾವೊಶಿಮಾ. ಶಿಕೊಕು ಕಡೆಯ ತಕಮತ್ಸುವಿನಿಂದ ದೊಡ್ಡ ದೋಣಿಯಲ್ಲಿ ಸುಮಾರು 50 ನಿಮಿಷ. ಉದೋನ್ ತಿನ್ನಲು ತಕಮತ್ಸುವಿನಲ್ಲೇ ತಂಗುವುದು ಲೇಸು. ಚಿಚೂ ಮತ್ತು ತೆಶಿಮಾ ಮ್ಯೂಸಿಯಂಗಳಿಗೆ ಮೊದಲೇ ಆನ್‌ಲೈನಿನಲ್ಲಿ ಸಮಯ ಕಾದಿರಿಸಿ. ಚಿಚೂಗೆ ಸಾಮಾನ್ಯವಾಗಿ ಸೋಮವಾರ ರಜೆ. ಮೂರು ವರ್ಷಕ್ಕೊಮ್ಮೆ ಬರುವ ಸೆತೊಉಚಿ ಕಲಾ ಉತ್ಸವ 2010ರಲ್ಲಿ ಶುರುವಾಗಿ 2025ರಲ್ಲೂ ನಡೆಯಿತು. ಗದ್ದಲ ಬೇಡವೆನ್ನುವವರು ಆ ದಿನಗಳನ್ನು ತಪ್ಪಿಸಿ ಹೋಗಬೇಕು. ಕೊನೆಯದಾಗಿ, ದಿನಕ್ಕೆ ಒಂದೇ ದ್ವೀಪ ಇಟ್ಟುಕೊಳ್ಳಿ. ಎರಡು ನೋಡುತ್ತೇವೆಂದು ಹೊರಟವರು ಕೊನೆಯ ದೋಣಿಯ ಹೊತ್ತು ನೋಡುತ್ತಲೇ ದಿನ ಕಳೆಯುತ್ತಾರೆ.