ಕಾಯಿಲೆ ಬೀಳದ ರೋಗವಾಹಕ: ತಳಿ ಕುದುರೆಯ ಒಂದು ಪಾಠ

ಸೂಕ್ಷ್ಮಜೀವಿಗಳ ಪಾಠದಲ್ಲಿ ‘ರೋಗವಾಹಕ’ ಅಂದ ಕೂಡಲೇ ಮಕ್ಕಳು ಸೊಳ್ಳೆ, ನೊಣ ಅಂತ ಕೂಗ್ತಾರೆ. ತಾನು ಕಾಯಿಲೆ ಬೀಳದೆ ತನ್ನದೇ ಜಾತಿಯ ಇನ್ನೊಂದು ಪ್ರಾಣಿಗೆ ರೋಗ ದಾಟಿಸುವುದೂ ವಾಹಕವೇ ಎಂದು ಮನಗಾಣಿಸಲು ತಳಿಗೆ ಬಿಡುವ ಗಂಡುಕುದುರೆಯ ಉದಾಹರಣೆ ಚೆನ್ನಾಗಿದೆ. ಹೈಸ್ಕೂಲು ಮಕ್ಕಳಿಗೆ ಇದನ್ನು ಹೇಳಬಹುದು. ದನ ಸಾಕಿದ ಮನೆಯ ಮಕ್ಕಳಿಗೆ ಬೆದೆ, ಗಬ್ಬ ಅನ್ನೋ ಮಾತು ಹೊಸದಲ್ಲ. ಮುಜುಗರ ಹೆಚ್ಚಾಗಿ ನಮಗೇ.

1977ರಲ್ಲಿ, ರೇಸ್ ಕುದುರೆಗಳಿಗೆ ಹೆಸರಾದ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ, ಗಂಡಿಗೆ ಕೂಡಿಸಿದ ಕೆಲವೇ ದಿನಗಳಲ್ಲಿ ಹೆಣ್ಣುಕುದುರೆಗಳ ಯೋನಿಯಿಂದ ಕೀವಿನಂಥ ದ್ರವ ಸುರಿಯತೊಡಗಿತು. ಗಬ್ಬ ನಿಲ್ಲಲಿಲ್ಲ, ಅವಧಿಗೆ ಮೊದಲೇ ಮತ್ತೆ ಬೆದೆಗೆ ಬಂದವು. ಗರ್ಭಕೋಶದ ಉರಿಯೂತ ಎಂಬುದು ಸ್ಪಷ್ಟ. ಆದರೆ ಮಾಮೂಲಿ ವಿಧಾನದಲ್ಲಿ ಬೆಳೆಸಲು ಹೋದರೆ ರೋಗಾಣು ಕೈಗೆ ಸಿಗಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಚಾಕೊಲೇಟ್ ಅಗಾರ್ ಮತ್ತು ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಗಾಳಿ. (ಚಾಕೊಲೇಟ್ ಅಗಾರ್‌ನಲ್ಲಿ ಚಾಕೊಲೇಟ್ ಇರುವುದಿಲ್ಲ! ಬಿಸಿಗೆ ಕಂದಿದ ರಕ್ತದ ಬಣ್ಣವದು.) ಹೀಗೆ ಅದನ್ನು ಬೆಳೆಸಿ ಗುರುತಿಸಿದವರಲ್ಲಿ ಒಬ್ಬರಾದ ಟೇಲರ್ ಅವರ ನೆನಪಿಗೆ ಈ ಬ್ಯಾಕ್ಟೀರಿಯಾಕ್ಕೆ ಟೇಲೊರೆಲ್ಲಾ ಈಕ್ವಿಜೆನಿಟಾಲಿಸ್ ಎಂಬ ಹೆಸರು ಬಂತು.

ಇದನ್ನು ದಾಟಿಸಿದ ಗಂಡುಕುದುರೆಗಳು ಹೇಗಿದ್ದವು? ಮೇವು, ಓಟ, ಹುಮ್ಮಸ್ಸು ಯಾವುದರಲ್ಲೂ ಕೊರತೆ ಇಲ್ಲ. ಗಂಡಿನಲ್ಲಿ ಈ ರೋಗಾಣು ಅಂಗಾಂಶದೊಳಗೆ ನುಗ್ಗುವುದೇ ಇಲ್ಲ. ಶಿಶ್ನದ ತುದಿಯಲ್ಲಿ ಮೂತ್ರನಾಳದ ಸುತ್ತ ಒಂದು ಗುಣಿ ಇದೆ. ಅಲ್ಲಿ, ಮತ್ತು ಮುಂದೊಗಲಿನ ಮಡಿಕೆಗಳಲ್ಲಿ ಕೂಡುವ ಮೇಣದಂಥ ಕೊಳೆಯಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ಮನೆ ಇದ್ದುಬಿಡುತ್ತದೆ. ದೇಹಕ್ಕೆ ಶತ್ರು ಬಂದದ್ದೇ ಗೊತ್ತಾಗುವುದಿಲ್ಲ, ಹಾಗಾಗಿ ಪ್ರತಿಕಾಯಗಳೂ ಹುಟ್ಟುವುದಿಲ್ಲ. ಗಂಡುಕುದುರೆಯ ರಕ್ತಪರೀಕ್ಷೆ ಇಲ್ಲಿ ನಿಷ್ಪ್ರಯೋಜಕ. ರೋಗನಿರೋಧಕ ಶಕ್ತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆ ಕೊಂಡಿ ನನಗೆ ಕಂಡಿಲ್ಲ.

ಹಾಗಾದ್ರೆ ಪತ್ತೆ ಹೇಗೆ? ಆ ಗುಣಿ, ಮೂತ್ರನಾಳ, ಮುಂದೊಗಲಿನ ಮಡಿಕೆಗಳಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದು, ಇದ್ದಿಲು ಬೆರೆತ ಮಾಧ್ಯಮದಲ್ಲಿಟ್ಟು, ತಂಪಾಗಿಯೇ 48 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಬೆಳವಣಿಗೆ ಬಲು ನಿಧಾನ. ‘ಇಲ್ಲ’ ಅನ್ನಬೇಕಾದರೆ 7 ದಿನ ಕಾಯಬೇಕು. ಅಷ್ಟಾದರೂ ತಪ್ಪಿಹೋಗಬಹುದು ಅಂತ ಅಮೆರಿಕಾದಲ್ಲಿ, ರೋಗವಿರುವ ದೇಶಗಳಿಂದ ಬಂದ ಗಂಡನ್ನು ಎರಡು ಆರೋಗ್ಯವಂತ ಹೆಣ್ಣುಕುದುರೆಗಳಿಗೆ ಕೂಡಿಸಿ, ಆ ಹೆಣ್ಣುಗಳನ್ನು ಪರೀಕ್ಷಿಸುತ್ತಾರೆ.

ಚಿಕಿತ್ಸೆ ಸರಳ: ಕ್ಲೋರ್‌ಹೆಕ್ಸಿಡಿನ್‌ನಿಂದ ತೊಳೆದು, ಜೀವಿರೋಧಕ ಮುಲಾಮು ತುಂಬುವುದು, ಐದು ದಿನ. ಹಾಗಂತ ರೋಗಾಣು ಇಲ್ಲದ ಕುದುರೆಯನ್ನೂ ದಿನಾ ಸೋಪು, ಕ್ರಿಮಿನಾಶಕ ಹಾಕಿ ತಿಕ್ಕಿದರೆ? ಅಲ್ಲಿ ಸಹಜವಾಗಿ ವಾಸಿಸುವ ನಿರುಪದ್ರವಿ ಬ್ಯಾಕ್ಟೀರಿಯಾಗಳು ಸಾಯುತ್ತವೆ, ತೆರವಾದ ಜಾಗಕ್ಕೆ ಸೂಡೊಮೊನಾಸ್, ಕ್ಲೆಬ್ಸಿಯೆಲ್ಲಾದಂಥವು ಬಂದು ಕೂರುತ್ತವೆ. ಇವೂ ಕೂಡಿದಾಗ ಹೆಣ್ಣಿಗೆ ದಾಟಬಲ್ಲವು, ಮೇಲಾಗಿ ಓಡಿಸುವುದು ಕಷ್ಟ. ‘ಬ್ಯಾಕ್ಟೀರಿಯಾ ಅಂದ್ರೆ ಕೆಟ್ಟದ್ದು’ ಎಂದು ಬರೆಯುವ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಕೂಡಿಸುವುದನ್ನು ನಿಲ್ಲಿಸಿ ಕೃತಕ ಗರ್ಭಧಾರಣೆ ಮಾಡಿದರಾಯ್ತು ಅಂತ ಯಾರಾದರೂ ಜಾಣ ಹುಡುಗಿ ಕೇಳಬಹುದು. 2008ರ ಡಿಸೆಂಬರ್‌ನಲ್ಲಿ ಅಮೆರಿಕಾದ ಕೆಂಟಕಿಯಲ್ಲಿ ಒಂದು ಗಂಡುಕುದುರೆಯಲ್ಲಿ ಟೇಲೊರೆಲ್ಲಾ ಸಿಕ್ಕಿತು. ಜಾಡು ಹಿಡಿದು ಹೋದಾಗ ಇಪ್ಪತ್ತಕ್ಕೂ ಹೆಚ್ಚು ಗಂಡುಗಳಲ್ಲಿ ಅದು ಇತ್ತು. ಇವು ಒಂದಕ್ಕೊಂದು ಕೂಡಿದವಲ್ಲ ತಾನೆ? ವೀರ್ಯ ಸಂಗ್ರಹಿಸುವ ಕಡೆ ಒಂದೇ ಸಲಕರಣೆಯನ್ನು ಸರಿಯಾಗಿ ಶುದ್ಧಗೊಳಿಸದೆ ಕುದುರೆಯಿಂದ ಕುದುರೆಗೆ ಬಳಸಿದ್ದರಿಂದ ಹೆಚ್ಚಿನವಕ್ಕೆ ಅಂಟಿತ್ತು.

ತರಗತಿಗೆ ಒಂದು ಪ್ರಶ್ನೆ: ಒಂದು ಲಾಯದಲ್ಲಿ ಮೂರು ಹೆಣ್ಣುಕುದುರೆಗಳಿಗೆ ಕಾಯಿಲೆ, ಗಂಡುಕುದುರೆ ಗಟ್ಟಿಮುಟ್ಟು, ಅದರ ರಕ್ತದ ವರದಿಯಲ್ಲಿ ಏನೂ ಇಲ್ಲ. ಮುಂದೆ ಎಲ್ಲೆಲ್ಲಿ ಹುಡುಕುತ್ತೀರಿ? ಗುಂಪಿನಲ್ಲಿ ಚರ್ಚಿಸಲು ಹತ್ತು ನಿಮಿಷ ಕೊಡಿ. ಕುದುರೆ ಜೊತೆಗೆ ಬಕೆಟ್ಟು, ಕೈಗವಸು, ನೋಡಿಕೊಳ್ಳುವವನ ಕೈ ಇವನ್ನೂ ಪಟ್ಟಿ ಮಾಡಿದ ಗುಂಪಿಗೆ ಪೂರ್ತಿ ಅಂಕ.