ತಪ್ಪು ಒಪ್ಪಿಕೊಳ್ಳಿ, ಗೆರೆ ದಾಟಬೇಡಿ: ಅಪ್ಪ ಅಮ್ಮಂದಿರಿಗೆ ಸೂಚನೆ

ಕೈ ಎತ್ತಿದ್ದರೆ ಇಳಿಸಿ. ಕೂಸನ್ನು ಹಿಡಿದು ಅಲುಗಿಸುತ್ತಿದ್ದರೆ ನಿಲ್ಲಿಸಿ. ಚಾಪೆಯ ಮೇಲೆ ಅಂಗಾತ ಮಲಗಿಸಿ, ಕೋಣೆಯಿಂದ ಹೊರಗೆ ಬನ್ನಿ. ಉಳಿದದ್ದನ್ನು ಆಮೇಲೆ ಓದಿ.

ತಪ್ಪು ಮಾಡದ ಅಪ್ಪ ಅಮ್ಮ ಇಲ್ಲ. ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1950ರ ದಶಕದಲ್ಲೇ ಇದನ್ನು ಹೇಳಿದರು: ಸಾಕಷ್ಟು ಒಳ್ಳೆಯ ತಾಯಿ ಇದ್ದರೆ ಮಗುವಿಗೆ ಸಾಕು, ಕುಂದೇ ಇಲ್ಲದವಳು ಬೇಕಿಲ್ಲ. ಡಬ್ಬಿಗೆ ಬೇಕರಿ ಬನ್ನು ಹಾಕಿ ಕಳಿಸಿದ್ದು, ಹೋಂವರ್ಕ್ ನೋಡದೆ ಮಲಗಿದ್ದು, ಪೋಷಕರ ಸಭೆ ಮರೆತದ್ದು, ಅಡುಗೆ ಮುಗಿಯಲಿ ಎಂದು ಮೊಬೈಲ್ ಕೈಗಿತ್ತದ್ದು, ದಣಿದು ರೇಗಿದ್ದು: ಇವೆಲ್ಲ ಕೊರತೆ. ಒಪ್ಪಿಕೊಳ್ಳಿ, ಸರಿಪಡಿಸಿ, ಮುಂದೆ ಹೋಗಿ.

ಗೆರೆ ಇಲ್ಲಿದೆ. ಮಗುವಿನ ಮೈಗೆ ನೋವಾದರೆ, ಜೀವಕ್ಕೆ ಅಪಾಯ ಬಂದರೆ, ನಿಮ್ಮ ಹೆಜ್ಜೆ ಸಪ್ಪಳಕ್ಕೇ ಅದು ನಡುಗುವಂತಾದರೆ ಅದನ್ನು ಕೊರತೆ ಎನ್ನಲು ಬರುವುದಿಲ್ಲ. ಒಪ್ಪಿಕೊಂಡರೆ ಸಾಲದು, ನಿಲ್ಲಿಸಬೇಕು.

ನಿಲ್ಲಿಸದಿದ್ದರೆ ಆಗುವುದು: ಜೋರಾಗಿ ಅಲುಗಿಸಿದ ಕೂಸಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು, ಕಣ್ಣು ಹೋಗಬಹುದು, ಜೀವ ಹೋಗಬಹುದು. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಂತೆ, ಮಗುವಿನ ಹೊಣೆ ಹೊತ್ತವರು ಅದನ್ನು ಹಿಂಸಿಸಿ ಅಥವಾ ಬೇಕೆಂದೇ ನಿರ್ಲಕ್ಷಿಸಿ ಯಾತನೆಗೆ ಗುರಿಮಾಡಿದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ.

ಮಾಡಬೇಕಾದ್ದು

ಸಿಟ್ಟು ನೆತ್ತಿಗೇರಿದಾಗ

• ಬಾಯಿ ಮುಚ್ಚಿಕೊಳ್ಳಿ.
• ಕೈಯಲ್ಲಿರುವ ಸೌಟು, ಸ್ಕೇಲು, ಬೆಲ್ಟು ಕೆಳಗಿಡಿ.
• ಎರಡು ಹೆಜ್ಜೆ ಹಿಂದೆ ಸರಿಯಿರಿ.
• ಮನೆಯಲ್ಲಿ ಇನ್ನೊಬ್ಬರಿದ್ದರೆ ಕರೆಯಿರಿ: “ಇವನನ್ನ ನೀವು ನೋಡ್ಕೊಳ್ಳಿ, ನನ್ನ ಕೈಲಿ ಆಗ್ತಿಲ್ಲ.”
• ಒಬ್ಬರೇ ಇದ್ದರೆ ಕೂಸನ್ನು ಬೀಳದ ಜಾಗದಲ್ಲಿ ಮಲಗಿಸಿ.
• ಮುಖ ತೊಳೆದುಕೊಳ್ಳಿ.
• ಹತ್ತು ನಿಮಿಷದೊಳಗೆ ಹೋಗಿ ಕೂಸನ್ನು ನೋಡಿ.

ಹುಟ್ಟಿದ ಆರರಿಂದ ಎಂಟನೇ ವಾರದ ಸುಮಾರಿಗೆ ಅಳು ಅತಿ ಹೆಚ್ಚು. ರಾತ್ರಿ ಎರಡು ಗಂಟೆ. ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಮೈ ಬಿಸಿಯಿಲ್ಲ, ಆದರೂ ಕಿರುಚುತ್ತದೆ. ಅದಕ್ಕೆ ಹಟ ಗೊತ್ತಿಲ್ಲ. ನೀವೂ ಸೋತಿಲ್ಲ. ವಾರಗಳು ಕಳೆದಂತೆ ಅಳು ಇಳಿಯುತ್ತದೆ. ಅಲ್ಲಿಯವರೆಗೆ ರಾತ್ರಿಯ ಪಾಳಿಯನ್ನು ಇಬ್ಬರೂ ಹಂಚಿಕೊಳ್ಳಿ.

ದೊಡ್ಡ ಮಕ್ಕಳ ವಿಷಯದಲ್ಲಿ ಅಪಾಯದ ಹೊತ್ತು ಬೆಳಗ್ಗೆ. ಎಂಟೂಕಾಲು, ವ್ಯಾನ್ ಗೇಟಿನಲ್ಲಿ ಹಾರನ್ ಹೊಡೆಯುತ್ತಿದೆ, ಒಂದು ಸಾಕ್ಸ್ ಸಿಗುತ್ತಿಲ್ಲ, ಉಪ್ಪಿಟ್ಟು ತಟ್ಟೆಯಲ್ಲಿ ಹಾಗೇ ಇದೆ. ಕೈ ಮೇಲೇಳುವುದು ಇಂಥ ಹೊತ್ತಿನಲ್ಲೇ.

• ವ್ಯಾನನ್ನು ಹೋಗಲು ಬಿಡಿ.
• ಆಟೊದಲ್ಲಿ ಕರೆದೊಯ್ಯಿರಿ.
• ಇವತ್ತು ರಾತ್ರಿಯೇ ಸಾಕ್ಸನ್ನು ಶೂ ಒಳಗೆ ತುರುಕಿಡಿ.

ಮಗುವಿನ ಹತ್ತಿರ ಒಪ್ಪಿಕೊಳ್ಳುವಾಗ

• ಅದೇ ದಿನ, ಅದು ಮಲಗುವ ಮುಂಚೆ ಹೇಳಿ.
• ಅದರ ಎತ್ತರಕ್ಕೆ ಕೂತು ಹೇಳಿ.
• ಮಾಡಿದ್ದೇನೆಂದು ಬಿಡಿಸಿ ಹೇಳಿ: “ನಿನ್ನ ಫ್ರೆಂಡ್ಸ್ ಮುಂದೆ ನಿನ್ನ ಮೇಲೆ ಕಿರುಚಿದೆ. ಅದು ನನ್ನ ತಪ್ಪು.”
• ಮುಂದೆ ಏನು ಮಾಡುತ್ತೀರಿ ಎಂದು ಒಂದೇ ವಾಕ್ಯದಲ್ಲಿ ಹೇಳಿ: “ಇನ್ಮೇಲೆ ಸಿಟ್ಟು ಬಂದ್ರೆ ಹೊರಗೆ ಹೋಗಿ ನಿಂತ್ಕೋತೀನಿ.”
• ಅಲ್ಲಿಗೆ ನಿಲ್ಲಿಸಿ.
• ಮಗು ಮಾತಾಡದಿದ್ದರೆ ಬಿಡಿ. ಮುನಿಸಿಕೊಳ್ಳುವ ಹಕ್ಕು ಅದಕ್ಕಿದೆ.
• ಮಗುವಿನ ತಪ್ಪಿನ ಮಾತನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ.
• ಮನೆಯ ನಿಯಮವನ್ನು ಹಾಗೇ ಉಳಿಸಿ. ಒಂಬತ್ತಕ್ಕೆ ಮೊಬೈಲ್ ಕಪಾಟಿಗೆ ಎಂದಿದ್ದರೆ ಇವತ್ತೂ ಕಪಾಟಿಗೇ.

“ಚಿಕ್ಕವರ ಹತ್ತಿರ ತಪ್ಪಾಯ್ತು ಅಂದ್ರೆ ತಲೆ ಮೇಲೆ ಕೂತ್ಕೋತವೆ” ಎಂದು ಮನೆಯ ಹಿರಿಯರು ಹೇಳುತ್ತಾರೆ. ಅವರ ಮೇಲೆ ಗೌರವ ಇರಲಿ. ಈ ಮಾತನ್ನು ಮಾತ್ರ ಕೇಳಬೇಡಿ. ತಪ್ಪು ಮಾಡಿದವರು ಹೇಗೆ ನಡೆದುಕೊಳ್ಳಬೇಕೆಂದು ಮಗು ಮೊದಲು ನೋಡುವುದು ನಿಮ್ಮಲ್ಲೇ. ನೀವು ತೋರಿಸದಿದ್ದರೆ ನಾಳೆ ಅದು ಒಡೆದ ಲೋಟವನ್ನು ಸೋಫಾದ ಕೆಳಗೆ ತಳ್ಳುತ್ತದೆ, ಕಡಿಮೆ ಅಂಕದ ಕಾಗದಕ್ಕೆ ನಿಮ್ಮ ಸಹಿಯನ್ನು ತಾನೇ ಹಾಕುತ್ತದೆ.

ದೊಡ್ಡವರ ಹತ್ತಿರ ಒಪ್ಪಿಕೊಳ್ಳುವಾಗ

• ಗಂಡನಿಗೆ ಅಥವಾ ಹೆಂಡತಿಗೆ ಮೊದಲು ಹೇಳಿ.
• ವೈದ್ಯರಿಗೆ ನಿಜ ಹೇಳಿ. ಏಟು ಹೇಗೆ ಬಿತ್ತು, ಯಾವಾಗ ಬಿತ್ತು, ಯಾವ ಔಷಧ ಎಷ್ಟು ಕೊಟ್ಟಿರಿ ಎಂಬುದು ಗೊತ್ತಾದರೆ ಮಾತ್ರ ಅವರು ಸರಿಯಾಗಿ ನೋಡಬಲ್ಲರು.
• ಬಾಣಂತಿಯಾಗಿದ್ದು ಕೂಸನ್ನು ಕಂಡರೆ ಏನೂ ಅನ್ನಿಸದಿದ್ದರೆ, ಅದೇ ಮಾತನ್ನು ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಹೇಳಿ. ಅದು ಕಾಯಿಲೆ ಇರಬಹುದು, ವಾಸಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರ್ಪಡಿಸದೆ ಜೊತೆಗೇ ದಾಖಲಿಸಿಕೊಳ್ಳುವ ವಿಭಾಗವಿದೆ.
• ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಎನ್ನಿಸಿದರೆ, ಇಲ್ಲದ ಧ್ವನಿ ಕಿವಿಗೆ ಬಿದ್ದರೆ, ಈಗಲೇ ಆಸ್ಪತ್ರೆಗೆ ಹೊರಡಿ. ಕೂಸನ್ನು ಇನ್ನೊಬ್ಬರ ಕೈಗೆ ಕೊಡಿ.
• ಯಾರೂ ಇಲ್ಲದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಮಾಡಬಾರದ್ದು

ಕ್ಷಮೆಯ ಹೆಸರಿನಲ್ಲಿ

• “ತಪ್ಪಾಯ್ತು, ಆದ್ರೆ ನೀನೂ ಹಾಗೆ ಮಾಡಬಾರದಿತ್ತು” ಎನ್ನುವುದು ಬೇಡ.
• “ಕ್ಷಮಿಸಿದೆ ಅನ್ನು” ಎಂಬ ಒತ್ತಾಯ ಬೇಡ.
• “ನಾನೇ ಕೆಟ್ಟವಳು, ಸತ್ತುಹೋದ್ರೆ ವಾಸಿ” ಎಂದು ಮಗುವಿನ ಮುಂದೆ ಅಳಬಾರದು. ಪೆಟ್ಟು ತಿಂದ ಮಗುವೇ ನಿಮ್ಮ ಕಣ್ಣೊರೆಸಬೇಕಾಗುತ್ತದೆ.
• ಸಾಲ, ಅತ್ತೆಯ ಮಾತು, ಗಂಡನ ಕುಡಿತ, ಆಫೀಸಿನ ಕಷ್ಟ: ಯಾವುದನ್ನೂ ನೆಪವಾಗಿ ಮಗುವಿಗೆ ಹೇಳುವುದು ಬೇಡ.
• ಮನಸ್ಸಿನ ಕಸಿವಿಸಿ ಕಳೆಯಲೆಂದು ಆಟಿಕೆ, ಐಸ್‌ಕ್ರೀಂ ಕೊಡಿಸುವುದು ಬೇಡ.
• ಮಗು ಅಳುವ ವಿಡಿಯೊವನ್ನು ಸ್ಟೇಟಸ್‌ಗೆ ಹಾಕಬಾರದು. ತಪ್ಪು ನಿಮ್ಮದು, ಊರೆಲ್ಲ ನೋಡುವ ಮುಖ ಅದರದು.
• ಅದೇ ತಪ್ಪಿಗೆ ಮತ್ತೆ ಮತ್ತೆ ಬರೀ ಕ್ಷಮೆ ಕೇಳುತ್ತಾ ಕೂರುವುದು ಬೇಡ. ಹೊರಗಿನವರ ಸಹಾಯ ಬೇಕಾಗಿದೆ ಎಂದು ತಿಳಿಯಿರಿ.

ಮೈ ಮೇಲೆ, ಮನಸ್ಸಿನ ಮೇಲೆ

• ಕೂಸನ್ನು ಅಲುಗಿಸಬಾರದು.
• ಹೊಡೆಯಬಾರದು. ಕೆನ್ನೆಗೆ ಬೇಡ, ತಲೆಗೆ ಬೇಡ, “ಮೆಲ್ಲಗೆ ಒಂದೇಟು” ಕೂಡ ಬೇಡ.
• “ನಾಲ್ಕು ಬಾರಿಸಿ ಸಾರ್, ಬುದ್ಧಿ ಬರಲಿ” ಎಂದು ಮೇಷ್ಟರಿಗೆ ಹೇಳಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ನಿಮ್ಮ ಒಪ್ಪಿಗೆಯಿಂದ ಅದು ಸರಿಯಾಗುವುದಿಲ್ಲ.
• ಬರೆ ಹಾಕಬಾರದು. ಶಿಕ್ಷೆಗೂ ಬೇಡ, ಜ್ವರ, ಕಾಮಾಲೆ, ಹೊಟ್ಟೆಯುಬ್ಬರಕ್ಕೆ ಮದ್ದೆಂದೂ ಬೇಡ. ಅಜ್ಜಿ ಹೇಳಿದರೂ ಬೇಡ.
• ಮೆಣಸಿನಕಾಯಿ ಹೊಗೆ ಹಾಕಬಾರದು.
• ಊಟ ತಪ್ಪಿಸಬಾರದು.
• ಬಚ್ಚಲಲ್ಲಿ, ಕತ್ತಲೆ ಕೋಣೆಯಲ್ಲಿ ಕೂಡಿಹಾಕಬಾರದು.
• “ನೀನು ಹುಟ್ಟಲೇಬಾರದಿತ್ತು” ಎನ್ನಬಾರದು.
• ಫಲಿತಾಂಶದ ದಿನ ಪಕ್ಕದ ಮನೆಯ ಹುಡುಗನ ಅಂಕ ಕೇಳಿಸಬಾರದು. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡುವುದೂ ಬೇಡ. ಪರೀಕ್ಷೆಯನ್ನು ಮತ್ತೆ ಬರೆಯಬಹುದು.

ಗಡಿಬಿಡಿಯಲ್ಲಿದ್ದೆ, ಮರೆತೆ ಎಂಬ ಮಾತು ನಡೆಯದ ಕಡೆ

• ಸಂಪಿನ ಮುಚ್ಚಳ ತೆರೆದಿಡಬಾರದು.
• ತೆವಳುವ, ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಬಕೆಟ್ಟಿನ ತಳದಲ್ಲೂ ನೀರು ಬಿಡುವುದು ಬೇಡ.
• ಬೇಲಿ ಹಾಕದ ಕೃಷಿ ಹೊಂಡದ ಕಡೆ ಮಕ್ಕಳನ್ನು ಕಳಿಸಬಾರದು. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ. ಈಜು ಬಂದವರಿಗೂ ದಡ ಹತ್ತುವುದು ಕಷ್ಟ.
• ಬೆಳೆಗೆ ಹೊಡೆಯುವ ಔಷಧಿಯನ್ನು ತಂಪುಪಾನೀಯದ ಬಾಟಲಿಗೆ ಸುರಿದಿಡಬಾರದು.
• ನಿದ್ದೆ ಬರಲೆಂದು ಕೆಮ್ಮಿನ ಸಿರಪ್ ಕುಡಿಸಬಾರದು.
• ಐದು ನಿಮಿಷಕ್ಕೂ ಮಗುವನ್ನು ಮುಚ್ಚಿದ ಕಾರಿನಲ್ಲಿ ಬಿಡುವುದು ಬೇಡ.
• ಕುಡಿದು ಮಗುವನ್ನು ಗಾಡಿಯಲ್ಲಿ ಕೂರಿಸಿಕೊಳ್ಳಬಾರದು.
• ಹದಿನೆಂಟು ತುಂಬದ ಮಗನ ಕೈಗೆ ಬೈಕಿನ ಕೀ ಕೊಡಬಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಇದಕ್ಕೆ ಹೊಣೆ ಮಾಡುವುದು ನಿಮ್ಮನ್ನು: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.

ಮನೆಯವರಿಂದಲೇ ಲೈಂಗಿಕ ಕಿರುಕುಳವಾದರೆ

• ಮುಚ್ಚಿಡಬಾರದು. 2012ರ ಪೋಕ್ಸೊ ಕಾಯ್ದೆಯಂತೆ, ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಕೂಡ ಅಪರಾಧ.
• “ಮನೆ ಮರ್ಯಾದೆ” ಎಂಬ ಮಾತು ಬೇಡ.
• ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದು ಬೇಡ.
• “ನೀನ್ಯಾಕೆ ಸುಮ್ನಿದ್ದೆ?” ಎಂದು ಮಗುವನ್ನು ಕೇಳಬಾರದು.
• ಆ ವ್ಯಕ್ತಿ ಇರುವ ಸೂರಿನಡಿ ಮಗುವನ್ನು ಇನ್ನೊಂದು ರಾತ್ರಿಯೂ ಇರಿಸಬಾರದು, ಅವನು ಚಿಕ್ಕಪ್ಪನಾದರೂ, ಅಜ್ಜನಾದರೂ, ಅಪ್ಪನೇ ಆದರೂ.

ಗೆರೆ ದಾಟಿಯಾಗಿದ್ದರೆ

ಹೊತ್ತು ಕಳೆಯಬೇಡಿ. ಅಲುಗಿಸಿದ ಅಥವಾ ತಲೆಗೆ ಪೆಟ್ಟಾದ ಕೂಸು ವಾಂತಿ ಮಾಡಿದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಜೋಂಪಿನಲ್ಲೇ ಇದ್ದರೆ, ಫಿಟ್ಸ್ ಬಂದರೆ, ಅದು ನಿಮಿಷಗಳ ಲೆಕ್ಕ. ಮೈ ಮೇಲೆ ಗುರುತು ಕಾಣದಿದ್ದರೂ ಹೊರಡಿ.

• 108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ತರಿಸಿ.
• ಆಸ್ಪತ್ರೆಯಲ್ಲಿ “ಮಂಚದಿಂದ ಬಿತ್ತು” ಎನ್ನುವುದು ಬೇಡ.
• ನಿಮ್ಮ ಕೈ ಹತೋಟಿಗೆ ಬರುವವರೆಗೆ ಮಗುವನ್ನು ನಂಬಿಕಸ್ತರ ಮನೆಯಲ್ಲಿ ಬಿಡಿ.
• ಕುಡಿತವೇ ಕಾರಣವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. “ನಾಳೆಯಿಂದ ಬಿಡ್ತೀನಿ” ಎಂಬ ಆಣೆ ಬೇಡ.
• ಹೊಡೆಯುವವರು ನಿಮ್ಮ ಜೊತೆಗಾರರಾದರೆ ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ. ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ.
• ಪಕ್ಕದ ಮನೆಯಲ್ಲಿ ದಿನಾ ಮಗು ಚೀರುವುದು ಕೇಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. “ಅವರ ಮನೆ ವಿಷಯ ನಮಗ್ಯಾಕೆ” ಎನ್ನಬಾರದು.
• ಮಾತು ಬಲ್ಲ ಮಗುವಿಗೆ 1098 ಬಾಯಿಪಾಠ ಮಾಡಿಸಿ. ಮುಂದೊಂದು ದಿನ ಅದು ನಿಮ್ಮ ಮೇಲೇ ದೂರು ಕೊಡಬಹುದು ಎಂದು ಗೊತ್ತಿದ್ದೂ ಮಾಡಿಸಿ.